ಯೀಸ್ಟ್ ಪಾಲಿಸ್ಯಾಕರೈಡ್‌ಗಳ ರಚನೆಯನ್ನು ಸ್ಪೆಕ್ಟ್ರೋಸ್ಕೋಪಿಯಿಂದ ತಿಳಿಯುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಯೀಸ್ಟಿನಲ್ಲಿ ಯಾವ ಯಾವ ಪಾಲಿಸ್ಯಾಕರೈಡ್‌ಗಳು ಸಿಗುತ್ತವೆ?

ಪಾಲಿಸ್ಯಾಕರೈಡ್ ಅಂದರೆ ಸಕ್ಕರೆ ಅಣುಗಳ ಉದ್ದ ಸರಪಳಿ. ಸ್ಪೆಕ್ಟ್ರೋಸ್ಕೋಪಿ ಅಂದರೆ ವಸ್ತು ಬೆಳಕಿನಂಥ ಅಲೆಗಳಿಗೆ ಹೇಗೆ ಸ್ಪಂದಿಸುತ್ತದೆ ಅಂತ ಅಳೆದು, ಸಿಕ್ಕ ಗೆರೆಯನ್ನು (ಸ್ಪೆಕ್ಟ್ರಮ್) ಓದುವುದು. ಬ್ರೆಡ್ಡಿಗೆ ಬಳಸುವ ಸ್ಯಾಕರೋಮೈಸಿಸ್ ಸೆರೆವಿಸಿಯೆ ಎಂಬ ಯೀಸ್ಟನ್ನೇ ತೆಗೆದುಕೊಳ್ಳೋಣ. ಅದರ ಜೀವಕೋಶದ ಒಣ ತೂಕದಲ್ಲಿ ಶೇಕಡ 15ರಿಂದ 30ರಷ್ಟು ಬರೀ ಕೋಶಭಿತ್ತಿ. ಆ ಭಿತ್ತಿಯ ಸುಮಾರು ಅರ್ಧ ಭಾಗ ಬೀಟಾ-1,3-ಗ್ಲೂಕಾನ್, ಅಂದರೆ ಗ್ಲೂಕೋಸಿನ ಸರಪಳಿ (ಬೀಟಾ-1,3 ಅನ್ನುವುದು ಕೊಂಡಿಯ ಬಗೆ). ಇನ್ನು ಶೇಕಡ 35ರಿಂದ 40ರಷ್ಟು ಮ್ಯಾನೋಪ್ರೋಟೀನ್, ಅಂದರೆ ಪ್ರೋಟೀನಿಗೆ ಅಂಟಿದ ಮ್ಯಾನನ್ (ಮ್ಯಾನೋಸ್ ಸಕ್ಕರೆಯ ಸರಪಳಿ). ಬೀಟಾ-1,6-ಗ್ಲೂಕಾನ್ ಶೇಕಡ 5ರಿಂದ 10ರಷ್ಟು. ಕೈಟಿನ್ ತೀರಾ ಕಡಿಮೆ, ಶೇಕಡ ಒಂದೆರಡು. ಅದರಲ್ಲೂ ಹೆಚ್ಚಿನದು ಮರಿ ಕೋಶ ಮೊಳೆತು ಬೇರೆಯಾದ ಜಾಗದ ಕಲೆಯಲ್ಲೇ ಇರುತ್ತದೆ. ಇದರ ಜೊತೆ ಶೇಖರಣೆಗೆಂದು ಕೋಶ ಇಟ್ಟುಕೊಳ್ಳುವ ಗ್ಲೈಕೋಜನ್ ಇದೆ, ಅದೂ ಗ್ಲೂಕೋಸಿನ ಸರಪಳಿಯೇ, ಆದರೆ ಕೊಂಡಿ ಆಲ್ಫಾ. ನಮಗೆ ಅತಿ ಹೆಚ್ಚು ತೊಂದರೆ ಕೊಡುವುದು ಇದೇ.

ಎಲ್ಲ ಯೀಸ್ಟ್‌ಗಳೂ ಹೀಗೇ ಅಂತ ಅಂದುಕೊಳ್ಳಬೇಡಿ. ಷಿಜೋಸ್ಯಾಕರೋಮೈಸಿಸ್ ಪಾಂಬೆಯಲ್ಲಿ ಆಲ್ಫಾ-1,3-ಗ್ಲೂಕಾನ್ ಮತ್ತು ಗ್ಯಾಲಕ್ಟೋಮ್ಯಾನನ್ ಇವೆ. ಕ್ರಿಪ್ಟೋಕಾಕಸ್ ನಿಯೋಫಾರ್ಮಾನ್ಸ್ ತನ್ನ ಸುತ್ತ ಗ್ಲುಕುರೊನೊಕ್ಸೈಲೊಮ್ಯಾನನ್ ಎಂಬ ದಪ್ಪ ಕವಚ ಕಟ್ಟಿಕೊಳ್ಳುತ್ತದೆ. ಹಾಗಾಗಿ ಒಂದು ಯೀಸ್ಟಿನ ಪೀಕ್ (ಸ್ಪೆಕ್ಟ್ರಮ್ ಗೆರೆಯಲ್ಲಿ ಏಳುವ ಗುಡ್ಡ) ಪಟ್ಟಿಯನ್ನು ಇನ್ನೊಂದಕ್ಕೆ ಸುಮ್ನೆ ಹಾಗೇ ಹಚ್ಚಬಾರದು.

ರಚನೆ ಗೊತ್ತಾಯಿತು ಅನ್ನಬೇಕಾದರೆ ಏನೇನು ಗೊತ್ತಾಗಿರಬೇಕು?

ಯಾವ ಸಕ್ಕರೆ, ಅದರ ಉಂಗುರ ಐದು ಪರಮಾಣುಗಳದ್ದೋ ಆರರದ್ದೋ, ಕೊಂಡಿ ಆಲ್ಫಾನೋ ಬೀಟಾನೋ, ಒಂದನೇ ಕಾರ್ಬನ್ ಪಕ್ಕದ ಸಕ್ಕರೆಯ ಎಷ್ಟನೇ ಕಾರ್ಬನ್ನಿಗೆ ಸೇರಿದೆ, ಕವಲು ಎಲ್ಲೆಲ್ಲಿ, ಆ ಕವಲಿನ ಉದ್ದ ಎಷ್ಟು, ಅಸಿಟೈಲ್ ಅಥವಾ ಫಾಸ್ಫೇಟ್ ಅಂಟಿದೆಯೇ, ಒಟ್ಟು ಸರಪಳಿ ಎಷ್ಟು ಉದ್ದ, ಅದು ಸುರುಳಿಯಾಗಿದೆಯೇ. ಇಷ್ಟೂ ಬೇಕು. ಇವುಗಳಲ್ಲಿ ಒಂದೊಂದಕ್ಕೂ ಉತ್ತರ ಕೊಡುವ ವಿಧಾನ ಬೇರೆ. ಎಲ್ಲವನ್ನೂ ಒಟ್ಟಿಗೆ ಹೇಳುವ ಸ್ಪೆಕ್ಟ್ರಮ್ ಇಲ್ಲ. ಈ ಪುಟದಲ್ಲಿ ಇದನ್ನೇ ಮತ್ತೆ ಮತ್ತೆ ಹೇಳುತ್ತೇನೆ, ಯಾಕೆಂದರೆ ಅತಿ ಹೆಚ್ಚು ಎಡವುವುದು ಇಲ್ಲೇ.

ಯಾವುದರಿಂದ ಶುರು ಮಾಡಲಿ?

ಎಫ್‌ಟಿಐಆರ್‌ನಿಂದ, ಅಂದರೆ ಅವಕೆಂಪು ಸ್ಪೆಕ್ಟ್ರೋಸ್ಕೋಪಿಯಿಂದ. ಒಂದೆರಡು ಮಿಲಿಗ್ರಾಂ ಒಣ ಪುಡಿ ಸಾಕು, ಕೆಲವೇ ನಿಮಿಷಗಳ ಕೆಲಸ, ಕರಗಿಸುವ ಗೋಜಿಲ್ಲ. ಕೈಯಲ್ಲಿರುವುದು ಹೆಚ್ಚಾಗಿ ಗ್ಲೂಕಾನೋ ಮ್ಯಾನನ್ನೋ, ಪ್ರೋಟೀನ್ ಎಷ್ಟು ಉಳಿದಿದೆ ಅನ್ನುವುದು ಇಲ್ಲೇ ಗೊತ್ತಾಗುತ್ತದೆ. ಶುದ್ಧಿಯಾಗದ ಸ್ಯಾಂಪಲ್ಲನ್ನು ಎನ್‌ಎಂಆರ್‌ಗೆ (ಅಯಸ್ಕಾಂತ ಕ್ಷೇತ್ರದಲ್ಲಿಟ್ಟು ಹೈಡ್ರೋಜನ್, ಕಾರ್ಬನ್ ಪರಮಾಣುಗಳ ಗುರುತು ಹಿಡಿಯುವ ವಿಧಾನ) ಹಾಕಿ ಒಂದು ರಾತ್ರಿ ಯಂತ್ರ ಓಡಿಸುವುದಕ್ಕಿಂತ ಇಲ್ಲೇ ತಪ್ಪು ಹಿಡಿಯುವುದು ಒಳ್ಳೆಯದು, ಅಲ್ವಾ?

ಎಫ್‌ಟಿಐಆರ್‌ನಲ್ಲಿ ಯಾವ ಭಾಗ ನೋಡಬೇಕು?

ಇಲ್ಲಿನ ಅಂಕಿಗಳೆಲ್ಲ ತರಂಗಸಂಖ್ಯೆ, ಅಂದರೆ ಒಂದು ಸೆಂಟಿಮೀಟರಿನಲ್ಲಿ ಎಷ್ಟು ಅಲೆ ಹಿಡಿಸುತ್ತವೆ ಅನ್ನುವ ಲೆಕ್ಕ. 3400ರ ಸುತ್ತ ಅಗಲವಾಗಿ ಕಾಣುವುದು ಹೈಡ್ರಾಕ್ಸಿಲ್. 2920ರ ಹತ್ತಿರದ್ದು ಕಾರ್ಬನ್-ಹೈಡ್ರೋಜನ್ ಬಂಧ. ಇವೆರಡೂ ಎಲ್ಲ ಸಕ್ಕರೆಯಲ್ಲೂ ಇರುತ್ತವೆ, ಇವುಗಳಿಂದ ರಚನೆ ಗೊತ್ತಾಗಲ್ಲ.

ನಿಜವಾದ ವಿಷಯ ಇರುವುದು 1200ರಿಂದ 950ರ ನಡುವೆ. ಸಕ್ಕರೆ ಉಂಗುರದ ಮತ್ತು ಕೊಂಡಿಯ ಕಾರ್ಬನ್-ಆಕ್ಸಿಜನ್ ಕಂಪನಗಳೆಲ್ಲ ಇಲ್ಲಿ ಒತ್ತೊತ್ತಾಗಿ ಬರುತ್ತವೆ. ಬೀಟಾ-1,3-ಗ್ಲೂಕಾನ್ ಇದ್ದರೆ 1160, 1078, 1044ರ ಹತ್ತಿರ ಪೀಕ್‌ಗಳು ಕಾಣುತ್ತವೆ. ಬೀಟಾ-1,6 ಇದ್ದರೆ 1000ಕ್ಕಿಂತ ಸ್ವಲ್ಪ ಕೆಳಗೆ ಒಂದು ಭುಜ, ಅಂದರೆ ಪೀಕಿನ ಪಕ್ಕಕ್ಕೆ ಅಂಟಿದ ಉಬ್ಬು ಏಳುತ್ತದೆ. ಮ್ಯಾನನ್ನಿಗೆ 1055ರ ಆಸುಪಾಸು, ಜೊತೆಗೆ 970, 915, 810ರ ಹತ್ತಿರದ ಸಣ್ಣ ಗುರುತುಗಳು. ಗ್ಲೈಕೋಜನ್ 1020ರ ಹತ್ತಿರ ಬಲವಾಗಿ ನಿಂತು, 930, 850, 760ರಲ್ಲಿ ಸಣ್ಣಗೆ ಕಾಣಿಸಿಕೊಳ್ಳುತ್ತದೆ.

950ರಿಂದ 750ರ ಭಾಗ ಚಿಕ್ಕದು, ಆದರೆ ಬಹಳ ಉಪಯೋಗದ್ದು. ಬೀಟಾ ಕೊಂಡಿಗೆ 890ರಲ್ಲಿ, ಆಲ್ಫಾ ಕೊಂಡಿಯ ಗ್ಲೂಕೋಸ್ ಸರಪಳಿಗೆ 850ರ ಆಸುಪಾಸಿನಲ್ಲಿ ಪೀಕ್ ಬರುತ್ತದೆ.

ಪೀಕ್‌ಗಳು ಒಂದರ ಮೇಲೊಂದು ಬಿದ್ದಿರುವುದರಿಂದ ಎರಡನೇ ಡೆರಿವೇಟಿವ್ ತೆಗೆದು ನೋಡಿ. ದಪ್ಪ ಗುಡ್ಡವಾಗಿ ಕಾಣುತ್ತಿದ್ದದ್ದು ಬೇರೆ ಬೇರೆ ಪೀಕ್‌ಗಳಾಗಿ ಬಿಡಿಸಿಕೊಳ್ಳುತ್ತದೆ. ಆದರೆ ಡೆರಿವೇಟಿವ್ ತೆಗೆದರೆ ಗದ್ದಲವೂ, ಅಂದರೆ ಅಳತೆಯಲ್ಲಿನ ಅಡ್ಡಾದಿಡ್ಡಿ ಏರಿಳಿತವೂ, ಹಿಗ್ಗುತ್ತದೆ. ಮೊದಲು ಒಳ್ಳೆಯ ಸ್ಪೆಕ್ಟ್ರಮ್ ತೆಗೆಯಿರಿ, ಆಮೇಲೆ ಈ ಕೆಲಸ.

890ರಲ್ಲಿ ಪೀಕ್ ಬಂದಿದೆ. ಬೀಟಾ-ಗ್ಲೂಕಾನ್ ಅಂತ ಖಚಿತವಾಯಿತಲ್ಲ?

ಇಲ್ಲ. ಬೀಟಾ ಕೊಂಡಿ ಇರಬಹುದು ಅಂತಷ್ಟೇ ಹೇಳಬಹುದು. ಆ ಕೊಂಡಿ 1,3 ಇರಬಹುದು, 1,6 ಇರಬಹುದು. ಕೈಟಿನ್ನಿನ ಬೀಟಾ-1,4 ಕೂಡ ಅದೇ ಜಾಗದ ಆಸುಪಾಸಿನಲ್ಲಿ ಕಾಣಿಸಿಕೊಳ್ಳುತ್ತದೆ. 890ರ ಒಂದು ಪೀಕ್ ತೋರಿಸಿ "ಬೀಟಾ-1,3/1,6-ಗ್ಲೂಕಾನ್ ದೃಢಪಟ್ಟಿದೆ" ಅಂತ ಬರೆಯುವುದು ಸರಿಯಲ್ಲ. ಕೊಂಡಿಯ ಸ್ಥಾನ ಹೇಳಬೇಕಾದರೆ ಎನ್‌ಎಂಆರ್ ಅಥವಾ ಮೀಥೈಲೇಷನ್ (ಖಾಲಿ ಹೈಡ್ರಾಕ್ಸಿಲ್‌ಗಳಿಗೆ ಮೀಥೈಲ್ ಹಾಕಿ ಕೊಂಡಿಯ ಜಾಗ ಹುಡುಕುವ ವಿಧಾನ) ಬೇಕೇ ಬೇಕು. ಆ ಸೌಲಭ್ಯ ಇಲ್ಲದಿದ್ದರೆ "ಬೀಟಾ ಕೊಂಡಿಯ ಗ್ಲೂಕಾನಿಗೆ ಹೊಂದುವ ಸ್ಪೆಕ್ಟ್ರಮ್" ಅಂತ ಬರೆಯಿರಿ. ಅದು ಕಡಿಮೆ ಮಾತಲ್ಲ, ಸರಿಯಾದ ಮಾತು.

1650ರ ಹತ್ತಿರದ ಪೀಕ್ ಪ್ರೋಟೀನಿನದ್ದೇ?

ಪ್ರೋಟೀನಿನದ್ದಾಗಿರಬಹುದು, ನೀರಿನದ್ದೂ ಆಗಿರಬಹುದು, ಕೈಟಿನ್ನಿನದ್ದೂ ಆಗಿರಬಹುದು. 1545ರ ಹತ್ತಿರ ಪ್ರೋಟೀನಿನ ಜೊತೆಗಾರ ಪೀಕ್ ಇದೆಯೇ ನೋಡಿ. ಇಲ್ಲದಿದ್ದರೆ ಅದು ಬಹುಶಃ ಒಣಗದೆ ಉಳಿದ ನೀರು. ಕೈಟಿನ್ ಜಾಸ್ತಿ ಇದ್ದರೆ 1655 ಮತ್ತು 1620ರಲ್ಲಿ ಜೋಡಿಯಾಗಿ, 1555ರ ಹತ್ತಿರ ಮತ್ತೊಂದು ಬರುತ್ತದೆ. 1740ರ ಸುತ್ತ ಪೀಕ್ ಇದ್ದರೆ ಎಸ್ಟರ್. ಅದು ಉಳಿದ ಕೊಬ್ಬೋ, ಸಕ್ಕರೆಗೆ ಅಂಟಿದ ಅಸಿಟೈಲೋ ಅಂತ ಬೇರೆ ಮಾಡಲು ಕೊಬ್ಬನ್ನು ದ್ರಾವಕದಲ್ಲಿ ತೊಳೆದು ಮತ್ತೆ ಅಳೆಯಿರಿ.

ಕೆಬಿಆರ್ ಬಿಲ್ಲೆ ಒಳ್ಳೆಯದೋ, ಎಟಿಆರ್ ಒಳ್ಳೆಯದೋ?

ಎರಡೂ ಆಗಬಹುದು. ಕೆಬಿಆರ್ ಅಂದರೆ ಪುಡಿಯನ್ನು ಪೊಟ್ಯಾಸಿಯಂ ಬ್ರೋಮೈಡ್ ಉಪ್ಪಿನ ಜೊತೆ ಒತ್ತಿ ಬಿಲ್ಲೆ ಮಾಡುವುದು, ಎಟಿಆರ್ ಅಂದರೆ ಪುಡಿಯನ್ನು ಹಾಗೇ ಒಂದು ಹರಳಿನ ಮೇಲೆ ಒತ್ತಿ ಅಳೆಯುವುದು. ಕೆಬಿಆರ್ ಗಾಳಿಯ ತೇವ ಹೀರುತ್ತದೆ, ಅದರಿಂದ ನೀರಿನ ಪೀಕ್ ಏಳುತ್ತದೆ. ಎಟಿಆರ್ ಸುಲಭ, ಆದರೆ ತರಂಗಸಂಖ್ಯೆ ಕಡಿಮೆಯಾದಷ್ಟೂ ಪೀಕ್ ಎತ್ತರವಾಗಿ ಕಾಣುತ್ತದೆ, ಜಾಗವೂ ಸ್ವಲ್ಪ ಸರಿಯುತ್ತದೆ. ಒಂದು ಸ್ಯಾಂಪಲ್ ಕೆಬಿಆರ್‌ನಲ್ಲಿ, ಇನ್ನೊಂದು ಎಟಿಆರ್‌ನಲ್ಲಿ ಅಳೆದು ಹೋಲಿಸಬೇಡಿ.

ರಾಮನ್ ಸ್ಪೆಕ್ಟ್ರೋಸ್ಕೋಪಿ ಯಾವಾಗ ಉಪಯೋಗ?

ಸ್ಯಾಂಪಲ್ ಒದ್ದೆಯಾಗಿದ್ದಾಗ, ಅಥವಾ ಒಂದೇ ಒಂದು ಜೀವಕೋಶವನ್ನು ನೋಡಬೇಕಾದಾಗ. ಸ್ಯಾಂಪಲ್ಲಿಗೆ ಲೇಸರ್ ಬಿಟ್ಟು ಚದುರಿದ ಬೆಳಕನ್ನು ಅಳೆಯುವುದೇ ರಾಮನ್. 1928ರಲ್ಲಿ ಕಂಡುಹಿಡಿದ ಈ ಚದುರಿಕೆಯಲ್ಲಿ ನೀರಿನ ಗುರುತು ಬಹಳ ಸಣ್ಣದು, ಹಾಗಾಗಿ ಬದುಕಿರುವ ಕೋಶವನ್ನೂ ಸೂಕ್ಷ್ಮದರ್ಶಕದ ಕೆಳಗಿಟ್ಟು ಅಳೆಯಬಹುದು. ಗ್ಲೈಕೋಜನ್ ತರಂಗಸಂಖ್ಯೆ 480ರ ಹತ್ತಿರ ಸ್ಪಷ್ಟವಾಗಿ ಕಾಣುತ್ತದೆ. ಅಡ್ಡಿ ಏನೆಂದರೆ ಪ್ರತಿದೀಪ್ತಿ. ಕಂದು ಬಣ್ಣ ಉಳಿದ ಯೀಸ್ಟ್ ಸಾರ ಲೇಸರ್ ಬಿದ್ದ ಕೂಡಲೇ ಹೊಳೆದು ಎಲ್ಲ ಮುಚ್ಚಿಹಾಕುತ್ತದೆ. 785 ನ್ಯಾನೋಮೀಟರಿನಂಥ ಉದ್ದ ತರಂಗದ ಲೇಸರ್ ಬಳಸಿದರೆ ಸ್ವಲ್ಪ ವಾಸಿ. ರೋಡೋಟೊರುಲಾದಂಥ ಕೆಂಪು ಯೀಸ್ಟ್‌ಗಳಲ್ಲಿ ಕ್ಯಾರೊಟಿನಾಯ್ಡ್ ಎಂಬ ಬಣ್ಣದ ವಸ್ತು ಎಷ್ಟು ಜೋರಾಗಿ ಬರುತ್ತದೆ ಅಂದರೆ ಸಕ್ಕರೆ ಹುಡುಕುವುದೇ ಕಷ್ಟ.

ಯುವಿ-ವಿಸಿಬಲ್ ಯಂತ್ರ ಮಾತ್ರ ಇದೆ. ಅದರಿಂದ ಏನಾದರೂ ಆಗುತ್ತದೆಯೇ?

ಆಗುತ್ತದೆ, ಆದರೆ ಮಿತಿ ಇದೆ. ಸಕ್ಕರೆ ಸರಪಳಿ 260, 280 ನ್ಯಾನೋಮೀಟರಿನಲ್ಲಿ ಬೆಳಕು ಹೀರುವುದಿಲ್ಲ. ಅಲ್ಲಿ ಪೀಕ್ ಬಂದರೆ ನ್ಯೂಕ್ಲಿಕ್ ಆಮ್ಲ ಅಥವಾ ಪ್ರೋಟೀನ್ ಉಳಿದಿದೆ ಅಂತ ಅರ್ಥ. ಫೀನಾಲ್-ಸಲ್ಫ್ಯೂರಿಕ್ ವಿಧಾನದಲ್ಲಿ 490ರಲ್ಲಿ ಅಳೆದು ಒಟ್ಟು ಸಕ್ಕರೆಯ ಪ್ರಮಾಣ ತಿಳಿಯಬಹುದು. ಅಳತೆಗೆ ಗ್ಲೂಕೋಸಿನ ಗೆರೆ ಹಾಕಿ ಮ್ಯಾನನ್ ಲೆಕ್ಕ ಮಾಡಬೇಡಿ. ಎರಡು ಸಕ್ಕರೆಗಳೂ ಒಂದೇ ಪ್ರಮಾಣದ ಬಣ್ಣ ಕೊಡುವುದಿಲ್ಲ.

ಕಾಂಗೋ ರೆಡ್ ಪರೀಕ್ಷೆಯೂ ಈ ಯಂತ್ರದಲ್ಲೇ ಆಗುತ್ತದೆ. ಬೀಟಾ-1,3-ಗ್ಲೂಕಾನ್ ಮೂರು ಎಳೆಯ ಸುರುಳಿಯಾಗಿದ್ದರೆ, ತೆಳು ಕ್ಷಾರದಲ್ಲಿ ಬಣ್ಣ ಅದಕ್ಕೆ ಅಂಟಿ, ಹೀರುವ ತರಂಗ ಉದ್ದದ ಕಡೆಗೆ ಸರಿಯುತ್ತದೆ. ಸೋಡಿಯಂ ಹೈಡ್ರಾಕ್ಸೈಡ್ ಏರಿಸುತ್ತಾ ಹೋದರೆ ಸುಮಾರು 0.2 ಮೋಲಾರ್ ದಾಟಿದ ಮೇಲೆ ಸುರುಳಿ ಬಿಚ್ಚುತ್ತದೆ, ತರಂಗವೂ ಹಿಂದಕ್ಕೆ ಬರುತ್ತದೆ. ಹೀಗೆ ಏರಿ ಇಳಿಯುವ ಗೆರೆ ಸಿಗಬೇಕು. ಒಂದೇ ಸಾಂದ್ರತೆಯಲ್ಲಿ ಅಳೆದ ಒಂದು ಅಂಕಿಯಿಂದ ಸುರುಳಿ ಇದೆ ಅನ್ನುವುದು ಸಾಲದು.

ಎನ್‌ಎಂಆರ್ ಇಲ್ಲದೆ ಆಗಲ್ಲ ಅಂತ ಎಲ್ಲರೂ ಯಾಕೆ ಹೇಳುತ್ತಾರೆ?

ಕೊಂಡಿ ಆಲ್ಫಾನೋ ಬೀಟಾನೋ, ಎಷ್ಟನೇ ಕಾರ್ಬನ್ನಿನಲ್ಲಿದೆ, ಪಕ್ಕದಲ್ಲಿ ಯಾರಿದ್ದಾರೆ, ಈ ಮೂರನ್ನೂ ಸ್ಯಾಂಪಲ್ ಒಡೆಯದೆ ಹೇಳುವುದು ಅದೊಂದೇ.

ಪ್ರೋಟಾನ್ ಸ್ಪೆಕ್ಟ್ರಮ್ ಹೈಡ್ರೋಜನ್‌ಗಳನ್ನು ತೋರಿಸುತ್ತದೆ, ಅಲ್ಲಿ ಪೀಕಿನ ಜಾಗವನ್ನು ಪಿಪಿಎಂ ಎಂಬ ಅಳತೆಯಲ್ಲಿ ಹೇಳುತ್ತಾರೆ. ಅದರಲ್ಲಿ ಸಕ್ಕರೆಯ ಹೆಚ್ಚಿನ ಹೈಡ್ರೋಜನ್‌ಗಳು 3ರಿಂದ 4.3 ಪಿಪಿಎಂ ನಡುವೆ ಮುದ್ದೆಯಾಗಿ ಬರುತ್ತವೆ. ಒಂದನೇ ಕಾರ್ಬನ್ನಿನ ಹೈಡ್ರೋಜನ್ ಮಾತ್ರ ಬೇರೆಯಾಗಿ, 4.4ರಿಂದ 5.5ರ ನಡುವೆ ನಿಲ್ಲುತ್ತದೆ. ಸಾಮಾನ್ಯವಾಗಿ ಬೀಟಾ ಆದರೆ 4.8ಕ್ಕಿಂತ ಕೆಳಗೆ, ಆಲ್ಫಾ ಆದರೆ 4.9ಕ್ಕಿಂತ ಮೇಲೆ. ಗ್ಲೂಕೋಸಿನಲ್ಲಿ ಒಂದನೇ ಮತ್ತು ಎರಡನೇ ಹೈಡ್ರೋಜನ್‌ಗಳ ನಡುವಿನ ಕಪ್ಲಿಂಗ್ (ಒಂದರ ಪ್ರಭಾವದಿಂದ ಇನ್ನೊಂದರ ಪೀಕ್ ಸೀಳುವ ಅಂತರ) ಬೀಟಾಗೆ 7-8 ಹರ್ಟ್ಸ್, ಆಲ್ಫಾಗೆ 3-4 ಹರ್ಟ್ಸ್.

ಯೀಸ್ಟಿನ ಬೀಟಾ-1,3-ಗ್ಲೂಕಾನ್ ನೀರಿನಲ್ಲಿ ಕರಗಲ್ಲ. ಡ್ಯೂಟೀರಿಯಂ (ಭಾರ ಹೈಡ್ರೋಜನ್) ಇರುವ ಡಿಎಂಎಸ್‌ಒ ಎಂಬ ದ್ರಾವಕದಲ್ಲಿ 80 ಡಿಗ್ರಿಯಷ್ಟು ಬಿಸಿ ಮಾಡಿ ಅಳೆಯುವುದು ರೂಢಿ. ಆಗ ಕಾರ್ಬನ್ ಸ್ಪೆಕ್ಟ್ರಮ್ಮಿನಲ್ಲಿ ಒಂದನೇ ಕಾರ್ಬನ್ 103, ಮೂರನೆಯದು 86, ಐದನೆಯದು 76, ಎರಡನೆಯದು 73, ನಾಲ್ಕನೆಯದು 68.5, ಆರನೆಯದು 61ರ ಹತ್ತಿರ ಸಿಗುತ್ತವೆ. ಇದರಲ್ಲಿ 86 ಬಹಳ ಮುಖ್ಯ. ಕೊಂಡಿ ಇಲ್ಲದ ಮೂರನೇ ಕಾರ್ಬನ್ 76-77ರಲ್ಲಿರುತ್ತದೆ. ಅದು ಹತ್ತು ಪಿಪಿಎಂ ಮೇಲೇರಿದೆ ಅಂದರೆ ಅಲ್ಲೇ ಕೊಂಡಿ ಬಿದ್ದಿದೆ. ಕೊಂಡಿಯ ಸ್ಥಾನವನ್ನು ಇಷ್ಟು ನೇರವಾಗಿ ತೋರಿಸುವ ಗುರುತು ಅವಕೆಂಪಿನಲ್ಲಿ ಇಲ್ಲ.

ಇಲ್ಲೊಂದು ಸಿಕ್ಕು ಇದೆ. 1,6 ಕೊಂಡಿ ಇದ್ದರೆ ಆರನೇ ಕಾರ್ಬನ್ 61ರಿಂದ 68-69ಕ್ಕೆ ಏರುತ್ತದೆ. ಅಲ್ಲಿ ಆಗಲೇ ನಾಲ್ಕನೇ ಕಾರ್ಬನ್ ಕೂತಿದೆ! ಒಂದು ಕಾರ್ಬನ್ನಿಗೆ ಎಷ್ಟು ಹೈಡ್ರೋಜನ್ ಅಂತ ತೋರಿಸುವ ಎನ್‌ಎಂಆರ್ ಬಗೆಗಳಾದ ಡೆಪ್ಟ್ ಅಥವಾ ಎಡಿಟೆಡ್ ಎಚ್‌ಎಸ್‌ಕ್ಯೂಸಿ ಓಡಿಸಿ. ಆರನೇ ಕಾರ್ಬನ್ನಿಗೆ ಎರಡು ಹೈಡ್ರೋಜನ್ ಇರುವುದರಿಂದ ಅದರ ಪೀಕ್ ಉಲ್ಟಾ ಬರುತ್ತದೆ, ನಾಲ್ಕನೆಯದು ನೆಟ್ಟಗಿರುತ್ತದೆ. ಈ ಪರೀಕ್ಷೆ ಮಾಡದೆ 68ರ ಪೀಕ್ ನೋಡಿ ಕವಲಿದೆ ಅಂದರೆ ಆ ಮಾತಿಗೆ ಆಧಾರ ಇರುವುದಿಲ್ಲ.

ಆಮೇಲೆ ಎರಡು ಆಯಾಮದ ಸ್ಪೆಕ್ಟ್ರಮ್‌ಗಳು. ಕೋಸಿ ಮತ್ತು ಟೋಕ್ಸಿ ಒಂದೇ ಉಂಗುರದ ಹೈಡ್ರೋಜನ್‌ಗಳನ್ನು ಒಟ್ಟು ಸೇರಿಸಿಕೊಡುತ್ತವೆ. ಎಚ್‌ಎಂಬಿಸಿ ಕೊಂಡಿಯನ್ನು ದಾಟಿ ಪಕ್ಕದ ಸಕ್ಕರೆಯ ಕಾರ್ಬನ್ನನ್ನು ತೋರಿಸುತ್ತದೆ. ಯಾರು ಯಾರಿಗೆ ಅಂಟಿದ್ದಾರೆ ಅನ್ನುವುದಕ್ಕೆ ನೇರ ಸಾಕ್ಷಿ ಇದು.

ಮ್ಯಾನನ್ನಿಗೂ ಇದೇ ನಿಯಮವೇ?

ಪೂರ್ತಿ ಅಲ್ಲ. ಮ್ಯಾನೋಸಿನ ಎರಡನೇ ಹೈಡ್ರೋಜನ್ ನಿಲ್ಲುವ ದಿಕ್ಕೇ ಬೇರೆ. ಹಾಗಾಗಿ ಆಲ್ಫಾ ಆದರೂ ಬೀಟಾ ಆದರೂ ಕಪ್ಲಿಂಗ್ 2 ಹರ್ಟ್ಸ್‌ಗಿಂತ ಕಡಿಮೆ. ಇಲ್ಲಿ ಒಂದನೇ ಕಾರ್ಬನ್ ಮತ್ತು ಅದರದೇ ಹೈಡ್ರೋಜನ್ನಿನ ನಡುವಿನ ಕಪ್ಲಿಂಗ್ ಅಳೆಯಬೇಕು. 170 ಹರ್ಟ್ಸ್ ಹತ್ತಿರ ಇದ್ದರೆ ಆಲ್ಫಾ, 160ರ ಹತ್ತಿರ ಇದ್ದರೆ ಬೀಟಾ.

ಒಳ್ಳೆಯ ಸುದ್ದಿ ಏನೆಂದರೆ ಮ್ಯಾನನ್ ನೀರಿನಲ್ಲಿ ಚೆನ್ನಾಗಿ ಕರಗುತ್ತದೆ, ಸ್ಪೆಕ್ಟ್ರಮ್ಮೂ ಚೊಕ್ಕ. ಅದರ ಬೆನ್ನೆಲುಬು ಆಲ್ಫಾ-1,6, ಕವಲುಗಳು ಆಲ್ಫಾ-1,2 ಮತ್ತು ಆಲ್ಫಾ-1,3. ಕವಲಿಲ್ಲದ ಬೆನ್ನೆಲುಬಿನ ಹೈಡ್ರೋಜನ್ 4.9ರ ಹತ್ತಿರ, ಕವಲಿರುವಲ್ಲಿ 5.1, ಕವಲಿನ ನಡುವಿನ 1,2 ಕೊಂಡಿಯದ್ದು 5.28, ತುದಿಯ 1,2 ಕೊಂಡಿಯದ್ದು 5.04, ತುದಿಯ 1,3 ಕೊಂಡಿಯದ್ದು 5.14ರ ಆಸುಪಾಸು. ಕವಲುಗಳ ಮಾದರಿ ಒಂದೊಂದು ಜಾತಿಗೂ ಬೇರೆ. 1960ರ ದಶಕದ ಕೊನೆಯಲ್ಲೇ ಕೆನಡಾದ ಗೋರಿನ್ ಮತ್ತು ಸ್ಪೆನ್ಸರ್ ಮ್ಯಾನನ್‌ಗಳ ಪ್ರೋಟಾನ್ ಸ್ಪೆಕ್ಟ್ರಮ್ ಹಿಡಿದು ಯೀಸ್ಟ್‌ಗಳನ್ನು ವಿಂಗಡಿಸುವ ಕೆಲಸ ಮಾಡಿದ್ದರು. ಆಗಿನ ಯಂತ್ರಗಳ ಶಕ್ತಿ ನೆನೆದರೆ ಇದು ನಿಜಕ್ಕೂ ದೊಡ್ಡ ಕೆಲಸ.

ಭಾರಜಲದಲ್ಲಿ ಅಳೆಯುವಾಗ ನೀರಿನ ಪೀಕ್ 25 ಡಿಗ್ರಿಯಲ್ಲಿ 4.8ರ ಹತ್ತಿರ ಬಂದು ಬೀಟಾ ಭಾಗವನ್ನೂ 4.9ರ ಪೀಕನ್ನೂ ಕೆಡಿಸುತ್ತದೆ. ಒಂದು ಡಿಗ್ರಿ ಏರಿಸಿದರೆ ಅದು ಸುಮಾರು 0.01 ಪಿಪಿಎಂ ಕೆಳಗೆ ಸರಿಯುತ್ತದೆ. 50 ಡಿಗ್ರಿಯಲ್ಲಿ ಅಳೆದರೆ 4.9 ಬಯಲಾಗುತ್ತದೆ.

ಕವಲು ಎಷ್ಟಿದೆ ಅಂತ ಇಂಟಿಗ್ರೇಷನ್ನಿನಿಂದ ಲೆಕ್ಕ ಹಾಕಬಹುದೇ?

ಹಾಕಬಹುದು. ಡಿಎಂಎಸ್‌ಒದಲ್ಲಿ 1,3 ಕೊಂಡಿಯ ಹೈಡ್ರೋಜನ್ 4.5ರ ಹತ್ತಿರ, 1,6 ಕೊಂಡಿಯದ್ದು 4.26ರ ಹತ್ತಿರ ಬರುತ್ತವೆ. ಎರಡರ ವಿಸ್ತೀರ್ಣದ ಅನುಪಾತ ತೆಗೆದರೆ ಆಯಿತು. ಆದರೆ ಹೈಡ್ರಾಕ್ಸಿಲ್‌ಗಳ ಪೀಕ್ ಅದೇ ಜಾಗಕ್ಕೆ ಬರುತ್ತದೆ. ಡ್ಯೂಟೀರಿಯಂ ಇರುವ ಟ್ರೈಫ್ಲೋರೋಅಸಿಟಿಕ್ ಆಮ್ಲ ಒಂದೆರಡು ಹನಿ ಹಾಕಿ ಅವುಗಳನ್ನು ಪಕ್ಕಕ್ಕೆ ತಳ್ಳಿ, ಹಾಕಿದ ಮೇಲೆ ಬೇಗ ಅಳೆಯಿರಿ. ಹೊತ್ತಾದರೆ ಆಮ್ಲ ಸರಪಳಿಯನ್ನೇ ಕಡಿಯಬಹುದು. ಎರಡು ಸ್ಕ್ಯಾನ್‌ಗಳ ನಡುವೆ ಸಾಕಷ್ಟು ಬಿಡುವು ಕೊಡದಿದ್ದರೂ ಲೆಕ್ಕ ತಪ್ಪುತ್ತದೆ.

ಇನ್ನೊಂದು ವಿಷಯ. ಈ ಅನುಪಾತ 1,6 ಕೊಂಡಿ ಎಷ್ಟಿದೆ ಅಂತ ಹೇಳುತ್ತದೆಯೇ ಹೊರತು, ಅದು 1,3 ಸರಪಳಿಯ ಕವಲೋ, ಜೊತೆಗೆ ಸೇರಿಕೊಂಡ ಬೇರೆಯೇ ಬೀಟಾ-1,6-ಗ್ಲೂಕಾನೋ ಅಂತ ಹೇಳುವುದಿಲ್ಲ. 1973ರಲ್ಲಿ ಮ್ಯಾನರ್ಸ್ ಮತ್ತು ಜೊತೆಗಾರರು ತೋರಿಸಿದ್ದು ಇದನ್ನೇ. ಬೇಕರಿ ಯೀಸ್ಟಿನ ಗ್ಲೂಕಾನಿನಲ್ಲಿ ಶೇಕಡ 85ರಷ್ಟು ಮುಖ್ಯ ಭಾಗ ಬೀಟಾ-1,3 ಸರಪಳಿ, ಅದರಲ್ಲಿ 1,6 ಕವಲು ಶೇಕಡ 3ರಷ್ಟು ಮಾತ್ರ. ಉಳಿದದ್ದು ಬೇರೆಯೇ ಆದ ಬೀಟಾ-1,6-ಗ್ಲೂಕಾನ್.

ಸ್ಯಾಂಪಲ್ ಯಾವುದರಲ್ಲೂ ಕರಗುತ್ತಿಲ್ಲ. ಏನು ಮಾಡಲಿ?

ಘನಸ್ಥಿತಿ ಎನ್‌ಎಂಆರ್ ಇದೆ. ಪುಡಿಯನ್ನು ಸಣ್ಣ ರೋಟರಿನಲ್ಲಿ ತುಂಬಿ, ಅಯಸ್ಕಾಂತ ಕ್ಷೇತ್ರಕ್ಕೆ 54.7 ಡಿಗ್ರಿ ಓರೆಯಾಗಿ ಸೆಕೆಂಡಿಗೆ ಸಾವಿರಾರು ಸುತ್ತು ತಿರುಗಿಸುತ್ತಾರೆ. ಪೀಕ್‌ಗಳು ದ್ರಾವಣದಲ್ಲಿ ಬಂದಷ್ಟು ಚೂಪಾಗಿರುವುದಿಲ್ಲ. ಆದರೆ ಕರಗಿಸುವಾಗ ಹಾಳಾಗುವ ಸುರುಳಿ ಮತ್ತು ಜೋಡಣೆ ಇಲ್ಲಿ ಹಾಗೇ ಉಳಿದಿರುತ್ತವೆ. ಪ್ರಕೃತಿಯಲ್ಲಿ ಕಾರ್ಬನ್-13 ಶೇಕಡ 1.1 ಮಾತ್ರ. ಯೀಸ್ಟನ್ನು ಕಾರ್ಬನ್-13 ಇರುವ ಗ್ಲೂಕೋಸಿನಲ್ಲೇ ಬೆಳೆಸಿದರೆ ಸಿಗ್ನಲ್ ಎಷ್ಟೋ ಪಟ್ಟು ಹೆಚ್ಚುತ್ತದೆ, ಇಡೀ ಕೋಶವನ್ನೇ ಅಳೆಯಬಹುದು.

ಪಾಲಿಸ್ಯಾಕರೈಡ್ ಬೇರ್ಪಡಿಸದೆ ಇಡೀ ಕೋಶದ ಎಫ್‌ಟಿಐಆರ್ ತೆಗೆದರೆ ಸಾಲದೇ?

ಹೋಲಿಕೆಗೆ ಸಾಕು, ರಚನೆಗೆ ಸಾಲದು. ಒಂದೇ ಕೋಣೆಯಲ್ಲಿ ಹತ್ತು ಜನ ಒಟ್ಟಿಗೆ ಮಾತಾಡಿದ ಹಾಗಿರುತ್ತದೆ ಆ ಸ್ಪೆಕ್ಟ್ರಮ್. ಎರಡು ತಳಿಗಳಲ್ಲಿ ಯಾವುದರ ಭಿತ್ತಿಯಲ್ಲಿ ಮ್ಯಾನನ್ ಜಾಸ್ತಿ ಅಂತ ಅಂದಾಜು ಮಾಡಲು, ಅಥವಾ ನೂರಾರು ತಳಿಗಳನ್ನು ಗುಂಪು ಮಾಡಲು ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಹಾಗೆ ಮಾಡುವಾಗ ಎಲ್ಲವನ್ನೂ ಒಂದೇ ಮಾಧ್ಯಮದಲ್ಲಿ ಬೆಳೆಸಿ, ಒಂದೇ ಹಂತದಲ್ಲಿ ತೆಗೆಯಿರಿ. ಬೆಳವಣಿಗೆ ನಿಲ್ಲುವ ಹೊತ್ತಿಗೆ ಕೋಶ ಗ್ಲೈಕೋಜನ್ ತುಂಬಿಕೊಳ್ಳುತ್ತದೆ, ಸ್ಪೆಕ್ಟ್ರಮ್ಮಿನ ಆಕಾರವೇ ಬದಲಾಗುತ್ತದೆ.

ಬೇರ್ಪಡಿಸುವ ವಿಧಾನದಿಂದ ರಚನೆಯೇ ಬದಲಾಗುತ್ತದೆಯೇ?

ಬದಲಾಗುತ್ತದೆ. ಇದನ್ನು ಎಷ್ಟು ಒತ್ತಿ ಹೇಳಿದರೂ ಕಡಿಮೆ. ಬಿಸಿ ಕ್ಷಾರ ಮ್ಯಾನೋಪ್ರೋಟೀನನ್ನು ತೆಗೆಯುತ್ತದೆ, ಜೊತೆಗೆ ಅಸಿಟೈಲ್ ಗುಂಪುಗಳನ್ನೂ ಕಿತ್ತುಹಾಕುತ್ತದೆ. ಕ್ರಿಪ್ಟೋಕಾಕಸ್ ಕವಚದ ಮ್ಯಾನೋಸಿನಲ್ಲಿ ಅಸಿಟೈಲ್ ಇರುತ್ತದೆ. ಕ್ಷಾರದಲ್ಲಿ ಇಟ್ಟು ಆಮೇಲೆ "ಅಸಿಟೈಲ್ ಇಲ್ಲ" ಅಂತ ಬರೆದರೆ ಅದು ಯೀಸ್ಟಿನ ಗುಣವಲ್ಲ, ನಮ್ಮ ಕ್ಷಾರದ ಗುಣ. ಬಿಸಿ ಆಮ್ಲದಲ್ಲಿ ಪದೇ ಪದೇ ತೊಳೆದರೆ ಬೀಟಾ-1,6-ಗ್ಲೂಕಾನ್ ಹೊರಟುಹೋಗುತ್ತದೆ, ಆಮೇಲೆ ಉಳಿದ ಪುಡಿಯಲ್ಲಿ ಕವಲು ಕಡಿಮೆ ಅಂತ ಕಾಣುತ್ತದೆ.

ಗ್ಲೈಕೋಜನ್ ಕ್ಷಾರದಲ್ಲಿ ಪೂರ್ತಿ ಹೋಗುವುದಿಲ್ಲ, ಒಂದು ಭಾಗ ಗ್ಲೂಕಾನಿನ ಜೊತೆಗೇ ಉಳಿಯುತ್ತದೆ. ಎರಡೂ ಗ್ಲೂಕೋಸಿನವೇ ಆದ್ದರಿಂದ, ಆಮ್ಲದಲ್ಲಿ ಒಡೆದು ಸಕ್ಕರೆ ಎಣಿಸುವ ವಿಧಾನದಲ್ಲಿ ಗ್ಲೈಕೋಜನ್ ಕೂಡ "ಗ್ಲೂಕಾನ್" ಲೆಕ್ಕಕ್ಕೇ ಸೇರುತ್ತದೆ. ಅಮೈಲೇಸ್ ಮತ್ತು ಅಮೈಲೊಗ್ಲುಕೊಸಿಡೇಸ್ ಕಿಣ್ವ ಹಾಕಿ ತೆಗೆಯಿರಿ, ಡಯಾಲಿಸಿಸ್ ಮಾಡಿ (ಸಣ್ಣ ತುಣುಕುಗಳನ್ನು ಪೊರೆಯ ಮೂಲಕ ಹೊರಹಾಕಿ), 850 ಮತ್ತು 760ರ ಪೀಕ್ ಹೋಗಿದೆಯೇ ಅಂತ ಎಫ್‌ಟಿಐಆರ್‌ನಲ್ಲಿ ಮತ್ತೆ ನೋಡಿ.

ಮಾಸ್ ಸ್ಪೆಕ್ಟ್ರೋಮೆಟ್ರಿ ಎಲ್ಲಿ ಬರುತ್ತದೆ?

ಇದು ಅಣುವಿನ ಮತ್ತು ಅದರ ತುಣುಕುಗಳ ತೂಕ ಅಳೆಯುವ ವಿಧಾನ. ತೂಕದಿಂದ ಸಕ್ಕರೆಯ ಬಗೆ ತಿಳಿಯುತ್ತದೆ. ಸರಪಳಿಯಲ್ಲಿ ಒಂದು ಹೆಕ್ಸೋಸ್ (ಆರು ಕಾರ್ಬನ್ನಿನ ಸಕ್ಕರೆ) 162, ಪೆಂಟೋಸ್ (ಐದು ಕಾರ್ಬನ್ನಿನದ್ದು) 132, ಎನ್-ಅಸಿಟೈಲ್ಗ್ಲುಕೊಸಮೈನ್ 203, ಒಂದು ಅಸಿಟೈಲ್ ಸೇರಿದರೆ 42 ಜಾಸ್ತಿ. ಗ್ಲೂಕೋಸ್, ಮ್ಯಾನೋಸ್, ಗ್ಯಾಲಕ್ಟೋಸ್ ಮೂರಕ್ಕೂ ಒಂದೇ ತೂಕ, ಹಾಗಾಗಿ ತೂಕ ನೋಡಿ ಇವನ್ನು ಬೇರೆ ಮಾಡಲಾಗದು.

ಇದರ ದೊಡ್ಡ ಉಪಯೋಗ ಮೀಥೈಲೇಷನ್ನಿನಲ್ಲಿ. ಖಾಲಿ ಇರುವ ಎಲ್ಲ ಹೈಡ್ರಾಕ್ಸಿಲ್‌ಗಳಿಗೆ ಮೀಥೈಲ್ ಹಾಕಿ, ಸರಪಳಿ ಒಡೆದು, ಜಿಸಿ-ಎಂಎಸ್‌ನಲ್ಲಿ (ತುಣುಕುಗಳನ್ನು ಅನಿಲವಾಗಿ ಬೇರ್ಪಡಿಸಿ ತೂಕ ಅಳೆಯುವ ಯಂತ್ರ) ನೋಡುತ್ತಾರೆ. ಮೀಥೈಲ್ ಬೀಳದ ಜಾಗವೇ ಕೊಂಡಿ ಇದ್ದ ಜಾಗ. ಆದರೆ ಗ್ಲೂಕಾನ್ ಸರಿಯಾಗಿ ಕರಗದಿದ್ದರೆ ಮೀಥೈಲ್ ಅರ್ಧಂಬರ್ಧ ಬಿದ್ದು, ಇಲ್ಲದ ಕವಲುಗಳು ಕಾಣುತ್ತವೆ. ಮೀಥೈಲ್ ಹಾಕಿದ ಮೇಲೆ ಎಫ್‌ಟಿಐಆರ್ ತೆಗೆದು 3400ರ ಪೀಕ್ ಪೂರ್ತಿ ಮಾಯವಾಗಿದೆಯೇ ನೋಡಿ. ಉಳಿದಿದ್ದರೆ ಮತ್ತೊಮ್ಮೆ ಮಾಡಿ. ತುದಿಯ ಸಕ್ಕರೆಗಳು ಮತ್ತು ಕವಲಿನ ಸಕ್ಕರೆಗಳು ಎಣಿಕೆಯಲ್ಲಿ ಹೆಚ್ಚುಕಡಿಮೆ ಸಮ ಬರಬೇಕು. ಕವಲೇ ಜಾಸ್ತಿ ಬಂದರೆ ಮೊದಲು ಮೀಥೈಲೇಷನ್ ಮೇಲೇ ಅನುಮಾನ ಪಡಿ.

ಸ್ಯಾಂಪಲ್ ತುಂಬಾ ಕಡಿಮೆ ಇದೆ. ಯಾವ ಕ್ರಮದಲ್ಲಿ ಹೋಗಲಿ?

ಹಾಳಾಗದ ಅಳತೆಗಳು ಮೊದಲು. ಎಟಿಆರ್ ಎಫ್‌ಟಿಐಆರ್ ಮುಗಿಸಿ, ಅದೇ ಪುಡಿಯನ್ನು ಎನ್‌ಎಂಆರ್ ಟ್ಯೂಬಿಗೆ ಹಾಕಿ. ಪ್ರೋಟಾನಿಗೆ 5ರಿಂದ 10 ಮಿಲಿಗ್ರಾಂ ಸಾಕು, ನೇರ ಕಾರ್ಬನ್ ಸ್ಪೆಕ್ಟ್ರಮ್ಮಿಗೆ 20ರಿಂದ 50 ಬೇಕಾಗುತ್ತದೆ. ಅಷ್ಟಿಲ್ಲದಿದ್ದರೆ ಎಚ್‌ಎಸ್‌ಕ್ಯೂಸಿಯಿಂದಲೇ ಕಾರ್ಬನ್ ಅಂಕಿಗಳನ್ನು ಓದಿಕೊಳ್ಳಬಹುದು. ಮುಗಿದ ಮೇಲೆ ಡಯಾಲಿಸಿಸ್ ಮಾಡಿ ದ್ರಾವಕ ತೆಗೆದು, ಫ್ರೀಜ್ ಡ್ರೈ ಮಾಡಿದರೆ ಪುಡಿ ವಾಪಸ್ ಸಿಗುತ್ತದೆ. ಟ್ರೈಫ್ಲೋರೋಅಸಿಟಿಕ್ ಆಮ್ಲ ಹಾಕುವುದಿದ್ದರೆ ಅದಕ್ಕೆ ಸ್ವಲ್ಪ ಭಾಗ ಬೇರೆ ಇಡಿ, ಇಡೀ ಸ್ಯಾಂಪಲ್ಲಿಗೆ ಹಾಕಬೇಡಿ. ವಾಪಸ್ ಸಿಕ್ಕ ಪುಡಿಯಲ್ಲಿ ಒಂದೆರಡು ಮಿಲಿಗ್ರಾಂ ಮೀಥೈಲೇಷನ್ನಿಗೆ ಕೊಡಿ. ಆಮ್ಲದಲ್ಲಿ ಒಡೆದು ಸಕ್ಕರೆಗಳನ್ನು ಎಣಿಸುವ ಕೆಲಸ ಕೊನೆಗೆ ಇರಲಿ.